ಸುಡೊಕು ಕಲಿಯೋರೇ, 'ಕಠಿಣ' ಬಿಡಿ, ಥರ್ಮೋ ಹಿಡೀರಿ

ಪೇಪರಿನಲ್ಲಿ ಬರುವ ಸುಡೊಕು ಹಿಡಿದು, ಅರ್ಧಕ್ಕೇ ತಲೆ ಕೆಟ್ಟು, 'ಇದು ನಮ್ಮಂಥವರಿಗಲ್ಲ ಬಿಡ್ರಿ' ಎಂದು ಕೈಬಿಟ್ಟವರು ನಮ್ಮ ಕೊಪ್ಪಳದಲ್ಲೇ ಸುಮಾರು ಜನ ಇದ್ದಾರೆ. ಅವರಿಗೆ ನಾನು ಹೇಳೋದು ಇಷ್ಟೇ. ಪ್ರತಿ ಅಡ್ಡ ಸಾಲು, ಉದ್ದ ಸಾಲು, ಒಂಬತ್ತು ಮನೆಯ ಚೌಕದಲ್ಲಿ 1ರಿಂದ 9 ಒಂದೊಂದೇ ಸಲ ಬರಬೇಕಾದ ಮಾಮೂಲಿ ಸುಡೊಕು ಪಕ್ಕಕ್ಕಿಡಿ. ಒಂದು ನಿಯಮ ಜಾಸ್ತಿ ಇರೋದನ್ನು ತಗೊಳ್ಳಿ.

'ಇದ್ದ ನಿಯಮಾನೇ ಸಾಕಾಗೈತಿ, ಮತ್ತೊಂದು ಬ್ಯಾರೆನ?' ಅಂತ ಆಫೀಸಿನಲ್ಲಿ ನಗ್ತಾರೆ. ನಗಲಿ. ಇಲ್ಲಿ ನಿಯಮ ಅಂದ್ರೆ ತೊಡಕಲ್ಲ, ಸುಳಿವು.

ಥರ್ಮೋ ಸುಡೊಕು ನೋಡಿ. ಮನೆಗಳ ಮೇಲೆ ಜ್ವರ ನೋಡುವ ಥರ್ಮಾಮೀಟರಿನ ಚಿತ್ರ ಇರುತ್ತೆ. ಬುಡದ ಗುಂಡಿನಿಂದ ತುದಿಯವರೆಗೆ ಅಂಕಿಗಳು ಏರುತ್ತಾ ಹೋಗಬೇಕು, ಅಷ್ಟೇ. ತಂಗಿಯ ಮಗನಿಗೆ 1ರಿಂದ 6ರವರೆಗಿನ ಚಿಕ್ಕದನ್ನು ಕೊಟ್ಟೆ. ಅದರಲ್ಲಿ ನಾಲ್ಕು ಮನೆಯ ಥರ್ಮೋ ಇತ್ತು. 'ಬುಡದಾಗ 6 ಹೆಂಗ ಬರತೈತಿ ಮಾಮಾ, ಮುಂದ ಹೋಗಾಕ ನಂಬರೇ ಇಲ್ಲಲ್ಲ!' ಅಂದ. 5 ಇಲ್ಲ, 4 ಕೂಡ ಇಲ್ಲ. ಬುಡದ ಅಡ್ಡ ಸಾಲಿನಲ್ಲಿ 1, 2 ಮೊದಲೇ ಕೊಟ್ಟಿದ್ದರು. ಉಳಿದದ್ದು 3. ಮುಂದೆ 4, 5, 6. ಒಂದೇ ಏಟಿಗೆ ನಾಲ್ಕು ಮನೆ ಭರ್ತಿ! ಮಾಮೂಲಿ ಸುಡೊಕುವಿನಲ್ಲಿ ಈ ಖುಷಿ ಇಷ್ಟು ಬೇಗ ಎಲ್ಲಿ ಸಿಗುತ್ತೆ ಹೇಳಿ.

ಕ್ರೊಪ್ಕಿ ಕೂಡ ಹೊಸಬರಿಗೆ ಒಳ್ಳೇದು. ಎರಡು ಮನೆ ನಡುವೆ ಬಿಳಿ ಚುಕ್ಕಿ ಇದ್ದರೆ ಅಂಕಿಗಳು 3, 4ರ ಹಾಗೆ ಒಂದರ ಹಿಂದೊಂದು ಬರುವಂಥವು. ಕಪ್ಪು ಚುಕ್ಕಿ ಇದ್ದರೆ ಒಂದು ಇನ್ನೊಂದರ ಎರಡರಷ್ಟು. ಅಂದರೆ ಕಪ್ಪು ಚುಕ್ಕಿ ಹತ್ತಿರ 5, 7, 9 ಸುಳಿಯೋದೇ ಇಲ್ಲ.

ಕಿಲ್ಲರ್ ಅಂದರೆ ಹೆಸರಿಗೇ ಜನ ಹೆದರ್ತಾರೆ. ಸುಮ್ನೆ ಕೂಡಿಸುವ ಲೆಕ್ಕ ಅದು. ಕೆಲವು ಮನೆಗಳನ್ನು ಚುಕ್ಕಿ ಗೆರೆಯಿಂದ ಸುತ್ತಿದ ಗೂಡಿನ ಮೂಲೆಯಲ್ಲಿ ಅವುಗಳ ಅಂಕಿಗಳ ಮೊತ್ತ ಬರೆದಿರುತ್ತೆ. ಎರಡು ಮನೆಗೆ 17 ಅಂದರೆ 8, 9 ಬಿಟ್ಟು ಬೇರೆ ದಾರಿಯಿಲ್ಲ. 3 ಅಂದರೆ 1, 2. ಇದರ ಜೊತೆಗೆ ಒಂದು ಗುಟ್ಟು ಗೊತ್ತಿರಲಿ: 1ರಿಂದ 9 ಕೂಡಿಸಿದರೆ 45. ಒಂದು ಚೌಕದೊಳಗೆ 17, 10, 11ರ ಗೂಡುಗಳು ಎಂಟು ಮನೆ ಮುಚ್ಚಿದ್ದರೆ ಮೊತ್ತ 38. ಒಂಟಿಯಾಗಿ ಉಳಿದ ಮನೆಯಲ್ಲಿ 7. ಒಂದೂ ಅಂಕಿ ಕೊಡದ ಚೌಕದಲ್ಲೂ ಹೀಗೆ ಬಾಗಿಲು ತೆರೆಯುತ್ತೆ.

ಒಂದು ಮಾತ್ರ ಮಾಡಬೇಡಿ. ಊಹೆ. 'ಇಲ್ಲಿ 4 ಇರಬಹುದು' ಅಂತ ಬರೆದು ಮುಂದೆ ಹೋದರೆ ಆಟದ ಮಜಾನೇ ಹೋಯ್ತು. ಯಾಕೆ 4 ಅಂತ ಪಕ್ಕದಲ್ಲಿದ್ದವರಿಗೆ ಹೇಳೋಕೆ ಬಂದರೆ ಮಾತ್ರ ಬರೀರಿ.

ಯೂಟ್ಯೂಬಿನಲ್ಲಿ ಕ್ರ್ಯಾಕಿಂಗ್ ದ ಕ್ರಿಪ್ಟಿಕ್ ಚಾನೆಲ್‌ನ ಇಬ್ಬರು ಇಂಗ್ಲಿಷರು ಇಂಥವನ್ನು ಬಿಡಿಸೋದು ನೋಡೋಕೆ ಚೆಂದ. ಆದರೆ ಅವರು ಬಿಡಿಸೋದರಲ್ಲಿ ಜಾಸ್ತಿ ಪಾಲು ಭಾಳ ಕಷ್ಟದವು. ಅಲ್ಲಿಂದ ಶುರು ಮಾಡಬೇಡಿ.

ನನ್ನ ತಕರಾರು ಬೇರೇನೇ ಇದೆ. 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯಲ್ಲಿ ಬಂದ ಈ ಆಟಕ್ಕೆ ಸುಡೊಕು ಅಂತ ಹೆಸರಿಟ್ಟು ಬೆಳೆಸಿದವರು ಜಪಾನಿನವರು. 2017ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಲ್ಲೇ ನಡೆಯಿತು. ಆದರೂ ಇಂಥ ಸುಡೊಕು ಹುಡುಕಿದರೆ ನನಗೆ ಸಿಗೋ ನಿಯಮಗಳೆಲ್ಲ ಇಂಗ್ಲಿಷಿನಲ್ಲೇ. ಅಂಕಿ ಆಟಕ್ಕೆ ಬೇಕಾಗೋದು ಎರಡು ಸಾಲು ಕನ್ನಡ. ಹಳ್ಳಿಯ ಅರಿವು ಕೇಂದ್ರದ ಬೋರ್ಡಿನ ಮೇಲೆ ವಾರಕ್ಕೊಂದು ಬರೆದು ಹಾಕೋಕೆ ಚಾಕ್‌ಪೀಸ್ ಬಿಟ್ಟರೆ ಖರ್ಚೇನಿದೆ? ಮೊಬೈಲ್ ಬಿಡ್ರೋ ಅಂತ ಮಕ್ಕಳಿಗೆ ಬೈಯೋ ಬದಲು ಇದನ್ನಾದರೂ ಮಾಡಬಹುದಲ್ವಾ?

ನಾನು ಕೆಲವಕ್ಕೆ ಕನ್ನಡದಲ್ಲಿ ನಿಯಮ ಬರೆದಿಟ್ಟುಕೊಂಡಿದ್ದೇನೆ. ಬೇಕಾದವರು ಕಮೆಂಟ್ ಹಾಕಿ, ಕಳಿಸ್ತೀನಿ. ಪೆನ್ಸಿಲ್, ರಬ್ಬರ್ ಮಾತ್ರ ನಿಮ್ಮದೇ. ಉತ್ತರ ಕೇಳಬೇಡಿ, ಕೊಡಲ್ಲ.