ರೀಕಾಲ್ ಆಗಿದೆ ಅಂತೀರಲ್ಲ, ಜಾಬ್ ಕಾರ್ಡ್ ಎಲ್ಲಿ?

ಕ್ಯಾಲಿಫೋರ್ನಿಯಾದಲ್ಲಿ ಕಾರು ಇಟ್ಟವರಿಗೆ ರೀಕಾಲ್ ಲಕೋಟೆ ಹೊಸದೇನಲ್ಲ. ‘ನಿಮ್ಮ ಗಾಡಿಯಲ್ಲಿ ದೋಷ ಇದೆ, ಡೀಲರ್ ಹತ್ತಿರ ಹೋಗಿ ಪುಕ್ಕಟೆ ಸರಿಮಾಡಿಸಿಕೊಳ್ಳಿ’ ಅಂತ ಕಂಪನಿಯೇ ಅಂಚೆಯಲ್ಲಿ ಕಾಗದ ಹಾಕುತ್ತದೆ. ಕಾನೂನು ಇರೋದರಿಂದ ಹಾಕಲೇಬೇಕು. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್ ಹಗರಣ ಒಂದರಲ್ಲೇ ಅಮೆರಿಕದಲ್ಲಿ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು (ಏರ್‌ಬ್ಯಾಗ್ ಉಬ್ಬಿಸುವ ಭಾಗ) ರೀಕಾಲ್ ಆದವು.

ರಿಪೇರಿಗಿಂತ ನನಗೆ ಹಿಡಿಸಿದ್ದು ಆಮೇಲೆ ಕೈಗೆ ಕೊಡುವ ಹಾಳೆ, ನಮ್ಮ ಕಡೆ ಸರ್ವಿಸ್ ಸೆಂಟರಿನವರು ಜಾಬ್ ಕಾರ್ಡ್ ಅಂತಾರಲ್ಲ, ಅಂಥದ್ದು. ಮೇಲೆ 17 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಆ ಗಾಡಿಯದೇ ಗುರುತಿನ ಸಂಖ್ಯೆ. ಗಾಡಿ ಒಳಗೆ ಬಂದಾಗ, ಹೊರಗೆ ಹೋದಾಗ ಎಷ್ಟು ಮೈಲಿ ಓಡಿತ್ತು ಅನ್ನೋದು. ಕೆಳಗೆ ರೀಕಾಲ್ ನಂಬರ್, ದೂರು ಏನು, ಕಾರಣ ಏನು, ಏನು ಮಾಡಿದರು, ಯಾವ ಪಾರ್ಟ್ ಹಾಕಿದರು. ಕೊನೆಯಲ್ಲಿ ಗ್ರಾಹಕ ಕೊಡಬೇಕಾದ್ದು: ಸೊನ್ನೆ. ಡೀಲರ್ ಇದನ್ನೆಲ್ಲ ಪುಣ್ಯಕ್ಕೆ ಬರೆಯೋದಿಲ್ಲ. ಪಾರ್ಟಿನ ದುಡ್ಡು, ಮೆಕ್ಯಾನಿಕ್ ಕೂಲಿ ಅವನಿಗೆ ಕಂಪನಿಯಿಂದ ಬರಬೇಕು. ಬರವಣಿಗೆ ಸರಿ ಇಲ್ಲದಿದ್ದರೆ ಕ್ಲೇಮ್ ವಾಪಸ್! (ಅದೇ ಹೊತ್ತಿಗೆ ವೈಪರ್, ಫಿಲ್ಟರ್ ಅಂತ ನಿಮ್ಮ ತಲೆಗೆ ಕಟ್ಟೋಕೂ ನೋಡುತ್ತಾನೆ, ಅದು ಬೇರೆ ಮಾತು.) ಕೆಲಸ ಮುಗಿದದ್ದು ಕಂಪನಿಯ ಲೆಕ್ಕಕ್ಕೆ ಹೋದ ಮೇಲೆ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲೂ ಆ ವಿನ್ ನಂಬರಿನ ಬಾಕಿ ತೀರುತ್ತದೆ. ಯಾರು ಬೇಕಾದರೂ ನೋಡಬಹುದು.

ಮೈಸೂರಿನ ನಮ್ಮ ಭಾವನ ಕಾರಿಗೂ ರೀಕಾಲ್ ಬಂದಿತ್ತು. ಸರ್ವಿಸ್‌ಗೆ ಬಿಟ್ಟಾಗಲೇ ಕಾರಿನೊಳಗಿನ ಫ್ಯೂಯಲ್ ಪಂಪ್ ಬದಲಾಯಿಸಿದ್ದಾರೆ. ಬಿಲ್ಲಿನಲ್ಲಿ ಆಯಿಲ್ ಇದೆ, ವಾಷಿಂಗ್ ಇದೆ, ಪಂಪ್ ಸುದ್ದಿಯೇ ಇಲ್ಲ. ಕೇಳಿದರೆ ಭಾವ, “ದುಡ್ಡು ತಗೊಳ್ಳಲಿಲ್ವಲ್ಲ, ಇನ್ನೇನು ಬೇಕು?” ಅಂತಾರೆ. ನಾಳೆ ಆ ಕಾರನ್ನು ಕೊಳ್ಳುವವನಿಗೆ ಇವರು ಏನು ತೋರಿಸುತ್ತಾರೆ?

ಭಾರತದಲ್ಲಿ ಕಾನೂನು ಇಲ್ಲ ಅಂತೇನಿಲ್ಲ. 2012ರಿಂದ ಕಂಪನಿಗಳು ತಾವಾಗಿಯೇ ರೀಕಾಲ್ ಮಾಡುವ ಪದ್ಧತಿ ಇತ್ತು. 2021ರ ಏಪ್ರಿಲ್ 1ರಿಂದ ಸರ್ಕಾರವೇ ಕಡ್ಡಾಯ ಮಾಡಬಹುದು, 1 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಆದರೆ ಆ ಕಡ್ಡಾಯ 7 ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಇಲ್ಲಿ ಅಮೆರಿಕದಲ್ಲಿ ಪುಕ್ಕಟೆ ರಿಪೇರಿ 15 ವರ್ಷದವರೆಗೂ ಸಿಗುತ್ತದೆ. ನಮ್ಮಲ್ಲಿ ಹತ್ತು ವರ್ಷದ ಕಾರು ಅಂದರೆ ಇನ್ನೂ ಚೆನ್ನಾಗಿ ಓಡೋ ಗಾಡಿ, ಅಲ್ವಾ?

ಹಾಗಂತ ಅಮೆರಿಕದ್ದೆಲ್ಲ ಚೊಕ್ಕ ಅಂತಲ್ಲ. ರೀಕಾಲ್ ಬಾಕಿ ಇರುವ ಹೊಸ ಕಾರನ್ನು ಡೀಲರ್ ಮಾರುವಂತಿಲ್ಲ. ಆದರೆ ಹಳೇ ಕಾರನ್ನು ಮಾರೋದಕ್ಕೆ ಕೇಂದ್ರದ ಕಾನೂನಿನ ಅಡ್ಡಿ ಇಲ್ಲ. ನಾಚಿಕೆಗೇಡಿನ ಸಂಗತಿ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಗೆ ಸಂಬಂಧಿಸಿದ ರೀಕಾಲ್‌ಗಳಿಗೆ ಇನ್ನೊಂದು ಹಗ್ಗ ಇದೆ: ಸರಿಮಾಡಿಸಿದ್ದಕ್ಕೆ ಡೀಲರ್ ಸರ್ಟಿಫಿಕೇಟ್ ಕೊಡುತ್ತಾನೆ, ಅದಿಲ್ಲದಿದ್ದರೆ ರಿಜಿಸ್ಟ್ರೇಷನ್ ನವೀಕರಣವೇ ತಡೆಯಬಹುದು. ಬ್ರೇಕು, ಏರ್‌ಬ್ಯಾಗಿಗೂ ಇದೇ ಹಗ್ಗ ಬೇಕಿತ್ತು.

ನಮ್ಮಲ್ಲಿ ಇದನ್ನು ಮಾಡೋದು ಇನ್ನೂ ಸುಲಭ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್, ಹೊಗೆ ತಪಾಸಣೆ ಎಂದಿನವರೆಗೆ ಅಂತ ಬರುತ್ತದೆ. ಅದರ ಕೆಳಗೆ ‘ರೀಕಾಲ್ ಬಾಕಿ’ ಅಂತ ಒಂದು ಸಾಲು ಸೇರಿಸಲಿ. ಅದು ಬರುವವರೆಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಾಸಿ ನಂಬರ್ ಇಸಕೊಂಡು ಕಂಪನಿ ಜಾಲತಾಣದಲ್ಲಿ ನೋಡಿ. ಸರ್ವಿಸ್ ಸೆಂಟರಿನವರು “ಆಗಿದೆ ಸಾರ್” ಅಂದರೆ, ಆ ರೀಕಾಲ್ ನಮೂದಾದ ಜಾಬ್ ಕಾರ್ಡಿನ ಪ್ರತಿ ಕೇಳಿ. ಸೀಲು, ಸಹಿ ಸಮೇತ.