ಇನೆಕ್ವಿಟಬಲ್ ಅಂದ್ರ ಪಂಕ್ತಿಭೇದ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗರಿಗೆ ನಾನು ಇಂಗ್ಲಿಷ್ ಹೇಳಿಕೊಡ್ತೀನಿ. ಮೊನ್ನೆ ಮಹದಾಯಿ ಹೊಳೆ ನೀರಿನ ಹಂಚಿಕೆ ಬಗ್ಗೆ ಪ್ರಬಂಧ ಬರೆಸಿದ್ದೆ. ನವಲಗುಂದ ಕಡೆಯ ಹುಡುಗನೊಬ್ಬ ಬರೆದಿದ್ದ: ‘ದಿ ರಿವರ್ ಈಸ್ ಇನೆಕ್ವಿಟಬಲ್ ಟು ಅವರ್ ಫಾರ್ಮರ್ಸ್.’

“ತಮ್ಮಾ, ಹೊಳಿ ಏನ್ ಮಾಡೇತಿ?” ಅಂದೆ.

“ಅನ್ಯಾಯ ಆಗೇತಿ ಅಂತ ಬರಿಬೇಕಿತ್ರೀ ಸರ್. ಅನ್‌ಫೇರ್ ಅಂದ್ರ ಸಣ್ಣದಾತು ಅನಸ್ತು. ಡಿಕ್ಷನರಿಯೊಳಗ ಇದು ಸಿಕ್ತು.”

ಸಣ್ಣದಾತು ಅನ್ನೋ ಅವನ ಅನಿಸಿಕೆ ಸರಿಯೇ ಇತ್ತು. ನಾವು ಎಲ್ಲಕ್ಕೂ ಅನ್ಯಾಯ ಅಂತೀವಿ, ಇಂಗ್ಲಿಷಿನವರು ಅದನ್ನ ಬೇರೆ ಬೇರೆ ಮಾಡಿಟ್ಟಾರೆ. ಅಂಪೈರ್ ತಪ್ಪು ಔಟ್ ಕೊಟ್ಟರೆ ಅನ್‌ಫೇರ್. ಕಾನೂನು, ಶಿಕ್ಷೆ, ದೊರೆ ಇವಕ್ಕೆ ಅನ್‌ಜಸ್ಟ್. ಇನೆಕ್ವಿಟಬಲ್ ಮಾತ್ರ ಪಾಲು, ತೆರಿಗೆ, ವ್ಯವಸ್ಥೆಗಳ ಮಾತು. ಮನುಷ್ಯನಿಗೆ ಅದನ್ನ ಅನ್ನೋದು ಒಪ್ಪೋದಿಲ್ಲ, ಹೊಳೆಗಂತೂ ಇಲ್ಲವೇ ಇಲ್ಲ. ಹಂಚಿದ್ದರಲ್ಲಿ ತಪ್ಪಿದೆ ಅಂತ ಹೇಳೋ ಶಬ್ದ ಅದು.

ಇದಕ್ಕೆ ನಮ್ಮಲ್ಲಿ ಶಬ್ದ ಇಲ್ಲ ಅಂತ ಹುಡುಗರು ತಿಳಿದಿರ್ತಾರೆ. ಪಂಕ್ತಿಭೇದ ಅಂದ್ರೆ ಏನು ಮತ್ತೆ? ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬನ ಎಲೆಗೆ ತುಪ್ಪ ಸುರಿದು ಇನ್ನೊಬ್ಬನ ಎಲೆ ದಾಟಿ ಹೋಗೋದು. ಇನೆಕ್ವಿಟಬಲ್ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಇದುವರೆಗೆ ಸಿಕ್ಕಿಲ್ಲ. ಹಾಗಂತ ಎಲ್ಲರಿಗೂ ಅಷ್ಟಷ್ಟೇ ಬಡಿಸಬೇಕು ಅಂತಲೂ ಅಲ್ಲ. ಉಪವಾಸ ಇದ್ದವನಿಗೆ ಎರಡು ರೊಟ್ಟಿ ಹೆಚ್ಚು ಹಾಕಿದರೆ ಅದು ಅನ್‌ಈಕ್ವಲ್ ಆಗಬಹುದು, ಇನೆಕ್ವಿಟಬಲ್ ಆಗೋದಿಲ್ಲ.

ಹೊಳೆ ನೀರಿನ ಕಾನೂನು ನಿಂತಿರೋದೇ ಈ ವ್ಯತ್ಯಾಸದ ಮೇಲೆ. ಹಲವು ದೇಶಗಳಲ್ಲಿ ಹರಿಯೋ ಹೊಳೆಗಳ ನೀರಿನ ಬಗ್ಗೆ ಮಾಡಿದ 1966ರ ಹೆಲ್ಸಿಂಕಿ ನಿಯಮಗಳು ಈಕ್ವಿಟಬಲ್ ಅಂದವು, ಈಕ್ವಲ್ ಅನ್ನಲಿಲ್ಲ. ಸಮಪಾಲಲ್ಲ, ತಕ್ಕ ಪಾಲು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಗೋವಾಕ್ಕೆ 24, ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಅಂತ ಹೇಳಿತು. ಈ ಅಂಕಿಗಳು ಸಮ ಇಲ್ಲ ಅನ್ನೋದು ಯಾರ ಕಣ್ಣಿಗೂ ಕಾಣ್ತದೆ. ತಕ್ಕದ್ದಲ್ಲ ಅನ್ನೋದನ್ನ ವಾದಿಸಿ ತೋರಿಸಬೇಕು. ನಮ್ಮ ಹುಡುಗರು ಆ ವಾದವನ್ನ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಮಂಡಿಸಲಿ ಅನ್ನೋದು ನನ್ನ ಹಂಬಲ.

ಯಾಕಂದ್ರೆ ಈ ಭಾಗದ ಹೊಲಗಳಿಗೆ ಇಂಗ್ಲಿಷ್ ಶಬ್ದಗಳು ಬಹಳ ತುಟ್ಟಿಯಾಗಿ ಬಂದಾವೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಕರಕ್ಕೆ ಬೆಟರ್‌ಮೆಂಟ್ ಲೆವಿ ಅಂತ ಹೆಸರಿತ್ತು, ಸುಧಾರಣೆಯ ಕರ. ನೀರು ಸರಿಯಾಗಿ ಮುಟ್ಟದ ಹೊಲಕ್ಕೆ ಎಂಥ ಸುಧಾರಣೆ? 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಈ ಕರದ ವಿರುದ್ಧ ಎದ್ದವರ ಮೇಲೆ ಪೊಲೀಸರ ಗುಂಡು ಹಾರಿ ರೈತರು ಸತ್ತರು. ಇನೆಕ್ವಿಟಬಲ್ ಲೆವಿ ಅಂತ ಬರೆದರೆ ಆ ವಿಶೇಷಣ ಸರಿಯಾದ ನಾಮಪದದ ಮುಂದೆ ಕೂತಂಗ.

ಹುಡುಗ ವಾಕ್ಯ ತಿದ್ದಿ ತಂದ: ‘ದಿ ಶೇರಿಂಗ್ ಈಸ್ ಇನೆಕ್ವಿಟಬಲ್.’ ವ್ಯಾಕರಣ ಸರಿ ಇತ್ತು. ಅವನಿಗೆ ಸಮಾಧಾನ ಇರಲಿಲ್ಲ.

“ಸರ್, ಇದರಾಗ ನಮ್ಮಪ್ಪ ಎಲ್ಲಿ ಅದಾನ್ರೀ?”

ಅವನು ಕೇಳಿದ್ದು ನನ್ನನ್ನ ತಡೆದು ನಿಲ್ಲಿಸಿತು. ನಾವು ‘ನಮಗ ಅನ್ಯಾಯ ಆತು’ ಅಂತೀವಿ, ನೋವುಂಡವರು ಮೊದಲೇ ಬಂದು ಕೂಡ್ತಾರೆ. ಈ ಇಂಗ್ಲಿಷ್ ವಾಕ್ಯದಲ್ಲಿ ಉಂಡವರೂ ಇಲ್ಲ, ಬಡಿಸಿದವರೂ ಇಲ್ಲ. ಇಬ್ಬರೂ ಕೂತು ಮತ್ತೆ ಬರೆದೆವು: ‘ಫಾರ್ಮರ್ಸ್ ಇನ್ ನವಲಗುಂದ ಹ್ಯಾವ್ ಬೀನ್ ಗಿವನ್ ಆನ್ ಇನೆಕ್ವಿಟಬಲ್ ಶೇರ್.’

“ಈಗ ಬಂದ್ರು ನೋಡ್ರಿ,” ಅಂದ.

“ಇಷ್ಟಕ್ಕ ಬಿಡಬ್ಯಾಡ ತಮ್ಮಾ. ಯಾರು ಹಂಚಿದ್ರು, ಎಷ್ಟು ಟಿಎಂಸಿ ಅಂತ ಮುಂದಿನ ಸಾಲಿನಾಗ ಲೆಕ್ಕ ಬರಿ,” ಅಂದೆ.