ಆಸ್ಟಿನ್ ಮಳೆಯ ನಾಸ್ಕರ್, ಚಿಕ್ಕಮಗಳೂರಿನ ರ್‍ಯಾಲಿ

2021ರ ಮೇ 23ರಂದು ಆಸ್ಟಿನ್‌ನ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಲ್ಲಿ ಸುರಿಮಳೆಯಲ್ಲೇ ನಡೆದ ನಾಸ್ಕರ್ (ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್) ಕಪ್ ರೇಸನ್ನು ನಮ್ಮ ಟೆಕ್ಸಾಸಿನಲ್ಲಿ ಈಗಲೂ ಗಂಡೆದೆಯ ಕಥೆಯಂತೆ ಹೇಳುವವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. 68 ಸುತ್ತಿನ ರೇಸು 54ಕ್ಕೆ ನಿಂತು ಚೇಸ್ ಎಲಿಯಟ್ ಗೆದ್ದರು, ಸರಿ. ಆದರೆ ಅದಕ್ಕೂ ಮೊದಲು, ಹಿಂಬದಿಯ ಸುಮಾರು ಒಂದು ಕಿಲೋಮೀಟರಿನ ನೇರದಾರಿಯಲ್ಲಿ, ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಕಾರು ಮೈಕೆಲ್ ಮೆಕ್‌ಡೊವೆಲ್ ಕಾರಿಗೆ ಗುದ್ದಿತು. ವೇಗ ಕಳೆದುಕೊಂಡ ಟ್ರೂಎಕ್ಸ್ ಕಾರಿನ ಅಡಿಗೆ ಕೋಲ್ ಕಸ್ಟರ್ ಕಾರು ಹಿಂದಿನಿಂದ ನುಗ್ಗಿತು. ಕಸ್ಟರ್ ಕಾರಿಗೆ ಬೆಂಕಿ ಹತ್ತಿತು.

ಅಲ್ಲಿ ಯಾರೂ ಜಾರಿ ಗುದ್ದಿದ್ದಲ್ಲ. ಮುಂದಿನ ಕಾರು ಕಾಣಲೇ ಇಲ್ಲ.

ಜಾರಿಕೆಗೆ ಮದ್ದಿದೆ. ಗುಡ್‌ಇಯರ್‌ನ ಆಳ ಗೀರುಗಳ ಮಳೆ ಟೈರು, ಮೆದುವಾದ ಸ್ಪ್ರಿಂಗು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ-ರೋಲ್ ಬಾರನ್ನು ಸಡಿಲಿಸುವುದು. ಒದ್ದೆಯಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಅಷ್ಟು ವಾಲುವುದಿಲ್ಲವಾದ್ದರಿಂದ ಬ್ರೇಕಿನ ಪಾಲನ್ನು ತುಸು ಹಿಂದಿನ ಚಕ್ರಗಳಿಗೆ ಕೊಡುತ್ತಾರೆ. ಒಣಗಿದ್ದಾಗ ಕಾರುಗಳು ಓಡುವ ಜಾಡಿನಲ್ಲಿ ಟೈರಿನ ರಬ್ಬರ್ ಮೆತ್ತಿರುತ್ತದೆ, ನೀರು ಬಿದ್ದರೆ ಅದೇ ಎಣ್ಣೆ ಸವರಿದಂತಾಗುತ್ತದೆ. ಅದಕ್ಕೇ ತಿರುವಿನ ಹೊರಅಂಚು ಹಿಡಿಯುವುದು, ಟ್ರ್ಯಾಕಿನ ಅಂಚಿನ ಬಣ್ಣ ಬಳಿದ ಕಟ್ಟೆ (ಕರ್ಬ್) ಮುಟ್ಟದಿರುವುದು, ಗೇರು ಬೇಗ ಏರಿಸುವುದು. ಒಳ್ಳೆಯ ಚಾಲಕರಿಗೆ ಇದೆಲ್ಲ ಗೊತ್ತು.

ಹಿಂಚಕ್ರಗಳು ಎರಚುವ ನೀರಿಗೆ ಮಾತ್ರ ಚಾಲಕನ ಕೈಯಲ್ಲಿ ಮದ್ದಿಲ್ಲ. ವೈಪರ್ ಗಾಜಿನ ಮೇಲಿನದನ್ನು ಒರೆಸೀತು, ಗಾಳಿಯಲ್ಲಿ ನಿಂತ ಬಿಳಿ ಗೋಡೆಯನ್ನಲ್ಲ. ಶಿರಾಡಿಯಲ್ಲಿ ಜುಲೈ ತಿಂಗಳು ಟ್ಯಾಂಕರಿನ ಬೆನ್ನಿಗೆ ಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಟೆಗೆ 200 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಇಪ್ಪತ್ತು ಮೀಟರ್ ಮಾತ್ರ ಕಾಣುತ್ತಿದ್ದರೆ ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕಾಣದೆ ಹೆದರಿ ಆ್ಯಕ್ಸಿಲರೇಟರ್ ಬಿಟ್ಟವನೇ ಹಿಂದಿನಿಂದ ಪೆಟ್ಟು ತಿನ್ನುತ್ತಾನೆ. ಮೊಟ್ಟೆಯಾಕಾರದ ಓವಲ್ ಟ್ರ್ಯಾಕಿನಲ್ಲಿ ಎತ್ತರದಲ್ಲಿ ನಿಂತು ರೇಡಿಯೊದಲ್ಲಿ ಚಾಲಕನಿಗೆ ಕಣ್ಣಾಗುವ ಸ್ಪಾಟರ್‌ಗಳು ಇಲ್ಲಿ ಅಲ್ಲಲ್ಲಿ ನಿಂತಿದ್ದರೂ ಅವರಿಗೂ ಕಾಣುವುದು ಅದೇ ಬಿಳುಪು.

ಅದೇ ವರ್ಷ ಆಗಸ್ಟ್ 29ರಂದು ಬೆಲ್ಜಿಯಂನ ಸ್ಪಾದಲ್ಲಿ ಫಾರ್ಮುಲಾ ಒನ್ ಇನ್ನೊಂದು ತುದಿಗೆ ಹೋಯಿತು: ವೇಗ ತಗ್ಗಿಸಿ ಮುಂದೆ ನಡೆಸುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಓಡಿಸಿ, ಅರ್ಧ ಅಂಕ ಹಂಚಿ ಮುಗಿಸಿದರು. ತೋಯುತ್ತ ಕುಳಿತ ಜನರಿಗೆ ಅದು ಮೋಸವೇ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಸ್ಪಾ ಪರ.

ನಮ್ಮ ಕಡೆಯ ರ್‍ಯಾಲಿ ಪದ್ಧತಿಯಲ್ಲಿ ಈ ಪೇಚಾಟವೇ ಇಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಾಗಲಿ, ಬೆಂಗಳೂರಿನವರ ಕೆ-1000 ರ್‍ಯಾಲಿಯಲ್ಲಾಗಲಿ ಕಾರುಗಳನ್ನು ಒಂದೊಂದಾಗಿ, ನಿಮಿಷಗಳ ಅಂತರ ಕೊಟ್ಟು ಬಿಡುತ್ತಾರೆ. ಮುಂದೆ ನೀರೆರಚುವವರು ಯಾರೂ ಇಲ್ಲ. ತಿರುವು ಕಾಣದಿದ್ದರೂ ಪಕ್ಕದಲ್ಲಿ ಕುಳಿತ ಸಹಚಾಲಕ ಪೇಸ್ ನೋಟ್ಸ್ (ಮುಂದಿನ ತಿರುವುಗಳ ಟಿಪ್ಪಣಿ) ಓದುತ್ತಿರುತ್ತಾನೆ. ಕೆಸರಲ್ಲಿ ಜಾರಿದರೆ ಚಾಲಕನದೇ ತಪ್ಪು, ಅವನದೇ ನಷ್ಟ. ಚಕ್ರಕ್ಕೆ ಚಕ್ರ ತಾಗಿಸಿ ಓಡುವ ನಾಸ್ಕರ್‌ಗೆ ನಿಮಿಷದ ಅಂತರ ಒಗ್ಗದು, ಬಲ್ಲೆ. ಆದರೆ ಅಂತರವೇ ಸುರಕ್ಷತೆ ಎಂಬ ಲೆಕ್ಕ ಒಂದಿಷ್ಟಾದರೂ ಎರವಲು ಪಡೆಯಬಹುದು. ಆಸ್ಟಿನ್‌ನಲ್ಲೇ ಬೆಂಕಿಯ ಅಪಘಾತದ ನಂತರ ಜೋಡಿಸಾಲು ಬಿಟ್ಟು ಒಂಟಿಸಾಲಿನಲ್ಲಿ ಮರುಚಾಲನೆ ಕೊಟ್ಟರಲ್ಲ, ಅದನ್ನು ಮೊದಲ ಹಸಿರು ಬಾವುಟದಿಂದಲೇ ಮಾಡಬಹುದಿತ್ತು.

ಮುಂದೆ ಸಣ್ಣ ಓವಲ್‌ಗಳ ಒದ್ದೆ ರೇಸಿಗೆಂದು ನಾಸ್ಕರ್ ವೈಪರ್, ಹಿಂದೆ ಮಿನುಗುವ ದೀಪದ ಜೊತೆಗೆ ಚಕ್ರದ ಹಿಂದೆ ಮಡ್‌ಫ್ಲ್ಯಾಪನ್ನೂ ತಂದಿತು. ನಮ್ಮ ಲಾರಿಗಳಿಗೆ ಎಂದಿನಿಂದಲೋ ಇರುವ ರಬ್ಬರ್ ಹಾಳೆ! ತಡವಾಗಿ ಬಂದರೂ ಮೂಲಕ್ಕೇ ಕೈ ಹಾಕಿದ ಉಪಾಯ ಅದು. ಆದರೆ ಸಣ್ಣ ಓವಲ್‌ನಲ್ಲಿ ಅವರು ಓಡಿಸುವುದು ಬರೀ ತೇವದಲ್ಲಿ. ಜೋರು ಮಳೆ ಬಂದರೆ ನಿಲ್ಲಿಸುತ್ತಾರೆ. ಆಸ್ಟಿನ್‌ನಂಥ, ಉದ್ದದ ನೇರದಾರಿಯಿರುವ ರೋಡ್ ಕೋರ್ಸಿನಲ್ಲೂ ಅದೇ ನಿಯಮವಿರಲಿ.